ಹೊಸ ಊರಿನ ಕೆಲಸ ಹಳೇ ಊರಲ್ಲೇ ಶುರು

(ನಮ್ಮ ವೇದಿಕೆಯ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಆಡಿದ ಮಾತುಗಳು. ಸಂಚಿಕೆಗೆ ಬೇಕು ಅಂತ ಸಂಪಾದಕರು ಕೇಳಿದ್ದಕ್ಕೆ, ಮಾತಾಡಿದ ಹಾಗೇ ಬರೆದುಕೊಟ್ಟಿದ್ದೇನೆ.)



ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ಟೆಸ್ಟರ್ ಹಿಡಿಯೋ ಕೈಗೆ ಮೈಕ್ ಕೊಟ್ಟಿದ್ದೀರಿ. "ನೀವು ಶಾರ್ಜಾದಿಂದ ರಾಸ್ ಅಲ್ ಖೈಮಾಕ್ಕೆ ಕೆಲಸ ಬೆಳೆಸಿದಿರಲ್ಲ, ಅದು ಹೇಗೆ ಅಂತ ನಮ್ಮ ಹುಡುಗರಿಗೆ ಹೇಳಿ" ಅಂತ ಕಾರ್ಯದರ್ಶಿಗಳು ಕೇಳಿದರು. ನಮ್ಮದು ದೊಡ್ಡ ಕಂಪನಿ ಅಲ್ಲ. ಎಂಟು ಜನ, ಮೂರು ಪಿಕಪ್, ಅಷ್ಟೇ. ಆದರೆ ಈ ಸಣ್ಣ ಗಾತ್ರದಲ್ಲೇ ಇರೋರು ಇಲ್ಲಿ ಬಹಳ ಜನ ಇದ್ದೀರಿ. ಎಸಿ ಕೆಲಸದವರು, ಪ್ಲಂಬರ್‌ಗಳು, ಪೇಂಟ್ ಮಾಡಿಸೋರು, ಕ್ಲೀನಿಂಗ್ ನಡೆಸೋರು. ಅದಕ್ಕೇ ಒಪ್ಪಿಕೊಂಡೆ.

ನಾನು ತುಮಕೂರು ಜಿಲ್ಲೆಯವನು. ಸರ್ಕಾರಿ ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಓದಿ, ಊರ ಕಡೆ ತೋಟಗಳಲ್ಲಿ ಮೋಟರ್ ಸ್ಟಾರ್ಟರ್ ರಿಪೇರಿ ಮಾಡಿಕೊಂಡಿದ್ದು, ಆಮೇಲೆ ಶಾರ್ಜಾಕ್ಕೆ ಬಂದೆ. ಒಂದು ಕಂಪನಿಯಲ್ಲಿ ಏಳು ವರ್ಷ ದುಡಿದೆ. 2021ರ ಜೂನ್‌ನಲ್ಲಿ ಇಲ್ಲಿನ ಕಂಪನಿ ಕಾನೂನು ಬದಲಾಗಿ, ಬಹಳಷ್ಟು ವ್ಯಾಪಾರಗಳಿಗೆ 51 ಪರ್ಸೆಂಟ್ ಸ್ಥಳೀಯ ಪಾಲುದಾರ ಇರಲೇಬೇಕು ಅನ್ನೋ ಕಟ್ಟು ಹೋಯಿತು. ಅದಾದ ಮೇಲೆ ಕುಂದಾಪುರ ಕಡೆಯ ಒಬ್ಬ ಅಣ್ಣನ ಜೊತೆ ಸೇರಿ ಟೆಕ್ನಿಕಲ್ ಸರ್ವಿಸಸ್ ಲೈಸೆನ್ಸ್ ತೆಗೆದೆ. ಅವರು ಲೆಕ್ಕ, ನಾನು ಕೆಲಸ.

ಇವತ್ತು ನಾನು ಹೇಳೋದು ಒಂದೇ ವಿಷಯ. ಹೊಸ ಊರಿಗೆ ಕೆಲಸ ಬೆಳೆಸಬೇಕು ಅಂದರೆ ಮೊದಲ ಕೆಲಸ ಹೊಸ ಊರಲ್ಲಿಲ್ಲ, ಹಳೇ ಊರಲ್ಲಿದೆ. ನೀವು ಇಲ್ಲದೆ, ನಿಮ್ಮ ಒಳ್ಳೇ ಕೆಲಸಗಾರ ಇಲ್ಲದೆ ಹಳೇ ಊರು ಒಂದು ತಿಂಗಳು ನಡೀತದೆ ಅನ್ನೋ ಹಾಗಾದರೆ ಹೊಸ ಊರಿನ ಮಾತು ತೆಗೀಬಹುದು. ಆಗಲ್ಲ ಅಂದರೆ ಇನ್ನೂ ಸಮಯ ಬಂದಿಲ್ಲ.

ಯಾಕೆ ಅಂತ ಲೆಕ್ಕದಲ್ಲಿ ಹೇಳ್ತೀನಿ.

ನಾವು ಮಾರೋದು ವೈರು, ಬ್ರೇಕರು ಅಲ್ಲ. ಅದು ಯಾವ ಅಂಗಡಿಯಲ್ಲೂ ಸಿಗ್ತದೆ. ನಾವು ಮಾರೋದು "ಎರಡು ಗಂಟೆಯೊಳಗೆ ಬರ್ತೀವಿ" ಅನ್ನೋ ಮಾತು. ಜುಲೈ ತಿಂಗಳಲ್ಲಿ ಗ್ರೋಸರಿಯ ಫ್ರೀಜರ್ ಲೈನ್ ಟ್ರಿಪ್ ಆದರೆ ಅಂಗಡಿಯವನಿಗೆ ಎರಡು ಗಂಟೆ ಅಂದರೆ ಎರಡು ವರ್ಷ. ಆ ಮಾತು ಉಳಿಸಿಕೊಂಡಿದ್ದಕ್ಕೇ ಅವನು ನಮ್ಮ ನಂಬರ್ ಇಟ್ಟುಕೊಂಡಿರೋದು.

ಶಾರ್ಜಾದೊಳಗೆ ನಮ್ಮ ಒಬ್ಬ ಹುಡುಗ ದಿನಕ್ಕೆ ಐದು ಕರೆ ಮುಗಿಸ್ತಾನೆ. ಒಂದಕ್ಕೆ 120 ದಿರ್ಹಂ ಅಂದುಕೊಳ್ಳಿ, 600 ಆಯಿತು. ಅದೇ ಹುಡುಗನನ್ನ ರಾಸ್ ಅಲ್ ಖೈಮಾಕ್ಕೆ ಕಳಿಸಿದರೆ ಹೋಗೋಕೆ ಹತ್ತಿರ ಹತ್ತಿರ 100 ಕಿಲೋಮೀಟರ್, ಬರೋಕೆ ಇನ್ನೊಂದು 100. ಬೆಳಿಗ್ಗೆ ಹೋಗಿ ಸಂಜೆ ಇ-311 ರಸ್ತೆಯಲ್ಲಿ ಶಾರ್ಜಾ ಟ್ರಾಫಿಕ್‌ಗೆ ಸಿಕ್ಕಿಕೊಂಡು ಬರೋದರಲ್ಲಿ ಎರಡು ಕರೆ ಆದರೆ ಹೆಚ್ಚು. ಒಂದಕ್ಕೆ 150 ತಗೊಂಡರೂ 300. ಪೆಟ್ರೋಲ್ 60 ಕಳೆದರೆ 240. ದಿನಕ್ಕೆ 360 ದಿರ್ಹಂ ಕಡಿಮೆ. ಇದು ಕಣ್ಣಿಗೆ ಕಾಣೋ ನಷ್ಟ. ಕಾಣದ ನಷ್ಟ ಇನ್ನೊಂದಿದೆ. ಅವತ್ತು ಶಾರ್ಜಾದಲ್ಲಿ ಮೂರು ಜನ ಕಾದಿರ್ತಾರೆ. ಒಂದು ಸಲ ಕಾದವನು ಎರಡನೇ ಸಲ ಬೇರೆಯವನಿಗೆ ಫೋನ್ ಮಾಡ್ತಾನೆ. ಹೊಸ ಗಿರಾಕಿ ಸಿಕ್ಕಿದ ಖುಷಿಯಲ್ಲಿ ಹಳೇ ಗಿರಾಕಿ ಹೋಗಿದ್ದು ಗೊತ್ತೇ ಆಗಲ್ಲ.

ಹಾಗಾದರೆ ನಾವು ಯಾಕೆ ಹೋದೆವು? ನಮ್ಮ ಒಬ್ಬ ಹಳೇ ಗಿರಾಕಿ, ಇಲ್ಲಿ ಹೋಟೆಲ್ ಇಟ್ಟುಕೊಂಡವರು, ಅವರ ಅರಬಾಬ್‌ಗೆ ದಿಗ್ದಾಗಾ ಕಡೆ ಖರ್ಜೂರದ ತೋಟ ಇದೆ. ರಾಸ್ ಅಲ್ ಖೈಮಾ ಅಂದರೆ ನಾವೆಲ್ಲ ಬೀಚು, ಬೆಟ್ಟ, ಜೆಬೆಲ್ ಜೈಸ್ ಅಂದುಕೊಳ್ತೀವಿ. ಆದರೆ ಅದು ಹಿಂದಿನಿಂದ ಕೃಷಿ ಊರು. ದಿಗ್ದಾಗಾ, ಹಮ್ರಾನಿಯಾ ಕಡೆ ಹೋದರೆ ತೋಟದ ಮೇಲೆ ತೋಟ. ಎಲ್ಲಾ ತೋಟಕ್ಕೂ ಬೋರ್‌ವೆಲ್, ಎಲ್ಲಾ ಬೋರ್‌ವೆಲ್‌ಗೂ ಮೋಟರ್. ಆ ಅರಬಾಬ್‌ನ ತೋಟದಲ್ಲಿ ಒಂದೇ ಬೇಸಿಗೆಯಲ್ಲಿ ಮೋಟರ್ ಎರಡು ಸಲ ಸುಟ್ಟಿತ್ತು. "ನಿಮ್ಮ ಕಡೆಯವರಿಗೆ ಬೋರ್‌ವೆಲ್ ಗೊತ್ತಂತಲ್ಲ, ಒಂದು ಸಲ ನೋಡಿ" ಅಂತ ಕೇಳಿದರು. ನೋಡಿ ಬಂದೆ. ನೋಡೋಕೆ ಮಾತ್ರ ಹೋಗಿದ್ದು, ಕೆಲಸಕ್ಕೆ ಕೈ ಹಾಕಲಿಲ್ಲ. ಅದರ ಕಾರಣ ಮುಂದೆ ಹೇಳ್ತೀನಿ.

ತುಮಕೂರಿನ ತೆಂಗಿನ ತೋಟದಲ್ಲಿ ಮೋಟರ್ ಸುಡೋದಕ್ಕೂ ದಿಗ್ದಾಗಾದ ಖರ್ಜೂರದ ತೋಟದಲ್ಲಿ ಸುಡೋದಕ್ಕೂ ಕಾರಣ ಬೇರೆ. ನಮ್ಮಲ್ಲಿ ವೋಲ್ಟೇಜ್ ಕಡಿಮೆ, ಇಲ್ಲಾ ಮೂರು ಫೇಸಲ್ಲಿ ಒಂದು ಹೋಗಿರ್ತದೆ, ರೈತ ಹಂಗೇ ಸ್ಟಾರ್ಟ್ ಒತ್ತಿರ್ತಾನೆ. ಇಲ್ಲಿ ಕರೆಂಟು ಗಟ್ಟಿ. ಇಲ್ಲಿ ತೊಂದರೆ ನೀರಿಂದು ಮತ್ತು ಬಿಸಿಲಿಂದು. ಅಂತರ್ಜಲ ಕೆಳಗಿಳಿದಿದೆ, ಉಪ್ಪಾಗಿದೆ. ನೀರಿಲ್ಲದೆ ಮೋಟರ್ ಒಣಗಿ ಓಡಿದರೆ ತಣ್ಣಗಾಗೋಕೆ ದಾರಿ ಇಲ್ಲ. ಉಪ್ಪು ನೀರು ಕೇಬಲ್ ಜಾಯಿಂಟ್ ಒಳಗೆ ನುಗ್ಗಿದರೆ ಇನ್ಸುಲೇಷನ್ ದಿನದಿನಕ್ಕೂ ಇಳೀತದೆ. ಮೇಲೆ ಪ್ಯಾನೆಲ್ ಪೆಟ್ಟಿಗೆ ನೇರ ಬಿಸಿಲಿಗೆ ನಿಂತಿರ್ತದೆ, ಒಳಗೆ ಓವರ್‌ಲೋಡ್ ರಿಲೇ ಕಾದು ಸುಮ್ಮಸುಮ್ಮನೆ ಟ್ರಿಪ್ ಆಗ್ತದೆ. ತೋಟದ ಕೆಲಸಗಾರ ಏನು ಮಾಡ್ತಾನೆ? ಸ್ಕ್ರೂಡ್ರೈವರ್ ತಗೊಂಡು ರಿಲೇಯ ಸೆಟ್ಟಿಂಗ್ ಮೇಲಕ್ಕೆ ತಿರುಗಿಸಿಬಿಡ್ತಾನೆ. ಟ್ರಿಪ್ ನಿಲ್ತದೆ, ಆದರೆ ಕಾವಲುಗಾರನನ್ನೇ ಮಲಗಿಸಿದ ಹಾಗೆ. ಮುಂದಿನ ಸಲ ಮೋಟರೇ ಹೋಗ್ತದೆ.

ಇದಕ್ಕೆ ಮದ್ದು ದೊಡ್ಡದಲ್ಲ. ಪೆಟ್ಟಿಗೆಗೆ ನೆರಳು, ಗಾಳಿ. ಟರ್ಮಿನಲ್ ಬಿಗಿ. ರಿಲೇ ಸೆಟ್ಟಿಂಗ್ ಮೋಟರ್ ಪ್ಲೇಟ್‌ನಲ್ಲಿ ಬರೆದ ಆಂಪಿಯರ್‌ಗೆ. ನೀರು ಇಳಿದರೆ ಮೋಟರ್ ತಾನೇ ನಿಲ್ಲೋ ಹಾಗೆ ಡ್ರೈ ರನ್ ರಿಲೇ. ತಿಂಗಳಿಗೊಂದು ಸಲ ಕ್ಲ್ಯಾಂಪ್ ಮೀಟರ್ ಹಾಕಿ ಮೂರು ಫೇಸಿನ ಕರೆಂಟ್ ನೋಡಬೇಕು, ಮೆಗ್ಗರ್ ಹಾಕಿ ಇನ್ಸುಲೇಷನ್ ನೋಡಬೇಕು, ಎರಡನ್ನೂ ಪುಸ್ತಕದಲ್ಲಿ ಬರೀಬೇಕು. ಹೋದ ತಿಂಗಳು 40 ಮೆಗಾಓಮ್ ಇದ್ದದ್ದು ಈ ತಿಂಗಳು 5ಕ್ಕೆ ಇಳಿದಿದೆ ಅಂದರೆ, ಮೋಟರ್ ಸುಡೋ ಮೊದಲೇ ಮೇಲಕ್ಕೆತ್ತಿ ಜಾಯಿಂಟ್ ಸರಿಮಾಡಬಹುದು.

ಅವತ್ತು ನಮಗೆ ಎರಡು ವಿಷಯ ಗೊತ್ತಾಯಿತು. ಒಂದು, ಅಲ್ಲಿ ನಮಗೆ ಬರೋ ಕೆಲಸ ಇದೆ, ಊರಿಂದ ತಂದ ವಿದ್ಯೆಗೆ ಬೆಲೆ ಇದೆ. ಎರಡು, ಅದು ಶಾರ್ಜಾದ ಕೆಲಸ ಅಲ್ಲ. ಶಾರ್ಜಾದಲ್ಲಿ ನಮ್ಮ ಗಾಡಿಯಲ್ಲಿರೋದು ಎಂಸಿಬಿ, ಆರ್‌ಸಿಸಿಬಿ, ವಾಟರ್ ಹೀಟರ್ ಎಲಿಮೆಂಟ್, ಎಲ್‌ಇಡಿ ಡ್ರೈವರ್. ಅಲ್ಲಿ ಬೇಕಾಗಿದ್ದು ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ, ಸಬ್‌ಮರ್ಸಿಬಲ್ ಕೇಬಲ್, ಜಾಯಿಂಟ್ ಕಿಟ್, ಚೈನ್ ಬ್ಲಾಕ್. ಹೊಸ ಊರು ಅಂದರೆ ಅದೇ ಅಂಗಡಿಯನ್ನ ಇನ್ನೊಂದು ಕಡೆ ಇಡೋದಲ್ಲ. ಆ ಊರಿಗೆ ಏನು ಬೇಕೋ ಆ ಅಂಗಡಿ ಇಡೋದು.

ಈಗ ಕಾನೂನಿನ ಮಾತು. ಇದನ್ನ ದಯವಿಟ್ಟು ಗಮನ ಇಟ್ಟು ಕೇಳಿ.

ಈ ದೇಶ ಏಳು ಎಮಿರೇಟ್‌ಗಳ ಒಕ್ಕೂಟ. 1971ರ ಡಿಸೆಂಬರ್ 2ಕ್ಕೆ ಆರು ಸೇರಿದವು, ರಾಸ್ ಅಲ್ ಖೈಮಾ 1972ರ ಫೆಬ್ರವರಿಯಲ್ಲಿ ಸೇರಿತು. ವೀಸಾ, ಕಾರ್ಮಿಕ ಕಾನೂನು, ವ್ಯಾಟ್ ಇವೆಲ್ಲ ಇಡೀ ದೇಶಕ್ಕೆ ಒಂದೇ. ಆದರೆ ಟ್ರೇಡ್ ಲೈಸೆನ್ಸ್ ಕೊಡೋದು ಆಯಾ ಎಮಿರೇಟ್‌ನ ಆರ್ಥಿಕ ಇಲಾಖೆ. ಕರೆಂಟ್ ಕೊಡೋರೂ ಬೇರೆ ಬೇರೆ. ದುಬೈಗೆ ದೀವಾ. ಶಾರ್ಜಾಕ್ಕೆ ಸೀವಾ. ಅಜ್ಮಾನ್, ಉಮ್ ಅಲ್ ಕುವೈನ್, ರಾಸ್ ಅಲ್ ಖೈಮಾ, ಫುಜೈರಾ ಈ ನಾಲ್ಕಕ್ಕೂ ಎತಿಹಾದ್ ವಾಟರ್ ಅಂಡ್ ಎಲೆಕ್ಟ್ರಿಸಿಟಿ. ಹಳಬರು ಅದನ್ನ ಇನ್ನೂ ಫೀವಾ ಅಂತಲೇ ಕರೀತಾರೆ. ಹೊಸ ಕನೆಕ್ಷನ್, ಲೋಡ್ ಹೆಚ್ಚು ಮಾಡಿಸೋ ಕೆಲಸ ಅಂದರೆ ಆಯಾ ಇಲಾಖೆಯಲ್ಲಿ ಹೆಸರು ನೋಂದಾಯಿಸಿದ ಕಾಂಟ್ರ್ಯಾಕ್ಟರೇ ಆಗಬೇಕು.

ಇಲ್ಲಿ ಒಂದು ತಮಾಷೆ ನೋಡಿ. ನಮ್ಮ ಅಂಗಡಿಯಿಂದ ಅಜ್ಮಾನ್ ಹತ್ತು ಹದಿನೈದು ನಿಮಿಷ. ಆದರೆ ಅದು ಬೇರೆ ಎಮಿರೇಟ್. ಖೋರ್‌ಫಕ್ಕಾನ್ ಬೆಟ್ಟದ ಆ ಕಡೆ, ಓಮಾನ್ ಕೊಲ್ಲಿಯ ದಡದಲ್ಲಿದೆ. ಸುರಂಗದ ಹೊಸ ರಸ್ತೆಯಲ್ಲೂ ಒಂದು ಗಂಟೆ ಹತ್ತಿರ ಆಗ್ತದೆ. ಆದರೆ ಅದು ಶಾರ್ಜಾ ಎಮಿರೇಟೇ, ಕರೆಂಟೂ ಸೀವಾದ್ದೇ. ಅಂದರೆ ದೂರ ಬೇರೆ, ಗಡಿ ಬೇರೆ. ನಕ್ಷೆ ಮುಂದಿಟ್ಟುಕೊಂಡು ಎರಡು ಗೆರೆ ಎಳೀರಿ. ಒಂದು ಗೆರೆ, ನಮ್ಮ ಗಾಡಿ ಎರಡು ಗಂಟೆಯೊಳಗೆ ತಲುಪೋ ಜಾಗ. ಇನ್ನೊಂದು ಗೆರೆ, ನಮ್ಮ ಲೈಸೆನ್ಸ್ ಮುಟ್ಟೋ ಜಾಗ. ಎರಡು ಗೆರೆಯೂ ಒಂದರ ಮೇಲೊಂದು ಬರೋ ಕಡೆ ಮಾತ್ರ ನಮ್ಮ ಊರು.

ನಾವು ರಾಸ್ ಅಲ್ ಖೈಮಾಕ್ಕೆ ಹೋಗ್ತೀವಿ ಅಂತ ಸುದ್ದಿ ಆದ ಕೂಡಲೇ ಒಬ್ಬರು ಬಂದರು. "ಲೈಸೆನ್ಸ್ ಯಾಕೆ ಮಾಡಿಸ್ತೀರಿ, ನನ್ನದೇ ಇದೆ, ತಿಂಗಳಿಗೆ ಇಷ್ಟು ಕೊಡಿ, ನನ್ನ ಹೆಸರಲ್ಲೇ ಕೆಲಸ ಮಾಡಿಕೊಳ್ಳಿ" ಅಂದರು. ಅಗ್ಗವಾಗಿಯೇ ಇತ್ತು. ನಾವು ಬೇಡ ಅಂದೆವು. ಕಾರಣ ಸರಳ. ನಮ್ಮ ಹುಡುಗನ ಲೇಬರ್ ಕಾರ್ಡ್ ನಮ್ಮ ಕಂಪನಿಯದು, ಕೆಲಸ ಅವರ ಹೆಸರಲ್ಲಿ. ತೋಟದಲ್ಲಿ ಶಾಕ್ ಹೊಡೆದು ಏನಾದರೂ ಆದರೆ ಅವನು ಅಲ್ಲಿ ಯಾರು? 2024ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ಪರ್ಮಿಟ್ ಇಲ್ಲದೆ ಕೆಲಸಕ್ಕಿಟ್ಟುಕೊಂಡರೆ ಮಾಲೀಕನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡ. ನಮ್ಮಂಥ ಅಂಗಡಿ ಒಂದೇ ದಂಡಕ್ಕೆ ಮುಚ್ಚಿಹೋಗ್ತದೆ, ಎಂಟು ಮನೆಗೆ ಹೋಗೋ ದುಡ್ಡು ನಿಲ್ತದೆ. ದಂಡಕ್ಕಿಂತ ದೊಡ್ಡದು ಆ ಹುಡುಗನ ಜೀವ. ಅದಕ್ಕೇ ಆ ಅರಬಾಬ್‌ಗೆ ಮೊದಲು ನಾವು ಏನು ಹೇಳಿದೆವು ಅಂದರೆ, "ನಮಗೆ ಇಲ್ಲಿ ಲೈಸೆನ್ಸ್ ಆಗೋವರೆಗೆ ನಿಮ್ಮ ಊರಿನವರ ಹತ್ತಿರವೇ ಮಾಡಿಸಿ." ಅಲ್ಲೇ ಲೈಸೆನ್ಸ್ ಇರೋ ಒಬ್ಬ ಮಲಯಾಳಿ ಚೇಟ್ಟನ್ನ ನಾವೇ ಹುಡುಕಿಕೊಟ್ಟೆವು. ಏನು ಮಾಡಬೇಕು ಅಂತ ಕಾಗದದಲ್ಲಿ ಬರೆದುಕೊಟ್ಟೆವು. ಒಂದು ದಿರ್ಹಂ ತಗೊಳ್ಳಲಿಲ್ಲ.

ಕೆಲವರು ನಕ್ಕರು, ಕೆಲಸ ಬಿಟ್ಟುಕೊಟ್ಟಿರಲ್ಲ ಅಂತ. ಆದರೆ ಆ ಚೇಟ್ಟ ಈಗ ಅಲ್ಲಿ ನಮಗೆ ದೊಡ್ಡ ಬೆನ್ನು. ಅವರದು ಎಸಿ ಮತ್ತು ಪ್ಲಂಬಿಂಗ್, ನಮ್ಮದು ಮೋಟರ್ ಮತ್ತು ಪ್ಯಾನೆಲ್. ಅವರಿಗೆ ಬಂದ ಮೋಟರ್ ಕೆಲಸ ನಮಗೆ, ನಮಗೆ ಬಂದ ಪೈಪ್ ಕೆಲಸ ಅವರಿಗೆ. ಹೊಸ ಊರಿಗೆ ಹೋದವನು ಅಲ್ಲಿರೋನ ಅನ್ನಕ್ಕೆ ಕೈ ಹಾಕಬಾರದು. ಅವನ ಹತ್ತಿರ ಇಲ್ಲದ್ದನ್ನ ತಗೊಂಡು ಹೋಗಬೇಕು.

ಇನ್ನು ಹಳೇ ಊರಿನ ತಯಾರಿ. ನಾನು ಮೊದಲಿಗೆ ಹೇಳಿದ್ದು ಇದೇ.

ಹೊಸ ಊರಿಗೆ ಯಾರನ್ನ ಕಳಿಸಬೇಕು? ಸಾಮಾನ್ಯವಾಗಿ ಹೊಸದಾಗಿ ಬಂದವನನ್ನ ಕಳಿಸ್ತಾರೆ, ಹಳೇ ಊರಲ್ಲಿ ಒಳ್ಳೇ ಕೆಲಸಗಾರ ಬೇಕು ಅಂತ. ನಮ್ಮ ಲೆಕ್ಕ ಉಲ್ಟಾ. ಹಳೇ ಊರಲ್ಲಿ ನಮ್ಮ ಹೆಸರು ಇದೆ, ಹೊಸಬ ಹೋದರೂ "ಆ ಕಂಪನಿಯವನು" ಅಂತ ಒಳಗೆ ಬಿಡ್ತಾರೆ. ಹೊಸ ಊರಲ್ಲಿ ನಮ್ಮ ಹೆಸರೇ ಇಲ್ಲ. ಅಲ್ಲಿ ಮೊದಲು ಹೋದವನ ಕೈಯೇ ನಮ್ಮ ಹೆಸರು. ಅದಕ್ಕೆ ನಮ್ಮಲ್ಲಿ ಎಲ್ಲರಿಗಿಂತ ಒಳ್ಳೇ ಕೈ ಇರೋ ಹಾವೇರಿ ಕಡೆಯ ಹುಡುಗನನ್ನ ಕೇಳಿದೆವು. ಹಳೇ ಕಂಪನಿಯಿಂದಲೂ ನನ್ನ ಜೊತೆಗಿದ್ದವನು. ಶಾರ್ಜಾದಲ್ಲಿ ಅರ್ಧ ಗಿರಾಕಿಗಳು ಫೋನ್ ಮಾಡಿದರೆ ಅವನ ಹೆಸರನ್ನೇ ಹೇಳ್ತಿದ್ದರು.

ಅಲ್ಲೇ ತೊಡಕು ಇದ್ದದ್ದು. ಅವನು ಹೋದರೆ ಅವನ ತಲೆಯಲ್ಲಿದ್ದ ಶಾರ್ಜಾನೂ ಅವನ ಜೊತೆ ಹೋಗ್ತದೆ. ಯಾವ ಬಿಲ್ಡಿಂಗ್‌ನ ಡಿಬಿ ಎಲ್ಲಿದೆ, ಯಾವ ನಾತೂರ್ ಹತ್ತಿರ ಮೇಲ್ಛಾವಣಿಯ ಕೀಲಿ ಇದೆ, ಯಾವ ಅಂಗಡಿಯಲ್ಲಿ ಹಿಂದಿನ ಬಾಡಿಗೆದಾರ ಗೋಡೆಯೊಳಗೆ ಜಾಯಿಂಟ್ ಮಾಡಿ ಮುಚ್ಚಿದ್ದಾನೆ, ಯಾವ ವಿಲ್ಲಾದಲ್ಲಿ ಆರ್‌ಸಿಸಿಬಿ ಬಿದ್ದರೆ ಮೊದಲು ವಾಟರ್ ಹೀಟರ್ ನೋಡಬೇಕು. ಇದೆಲ್ಲ ಅವನಿಗೆ ಬಾಯಿಪಾಠ.

ಮೂರು ತಿಂಗಳು ನಾವು ಬೇರೇನೂ ಮಾಡಲಿಲ್ಲ. ಪ್ರತಿ ಗಿರಾಕಿಗೆ ಒಂದು ಪುಟ. ಒಂದು ದಪ್ಪ ನೋಟ್‌ಬುಕ್. ಮೇಲೆ ವಿಳಾಸ, ಕೀಲಿ ಯಾರ ಹತ್ತಿರ, ಮೇನ್ ಎಲ್ಲಿ, ಡಿಬಿಯಲ್ಲಿ ಯಾವ ಬ್ರೇಕರ್ ಯಾವುದಕ್ಕೆ. ಕೆಳಗೆ ಹಿಂದೆ ಆದ ತೊಂದರೆ, ಏನು ಹಾಕಿದೆವು, ಯಾವ ತಾರೀಖು. ಪ್ರತಿ ಕರೆಗೂ ಅವನು ಒಬ್ಬ ಹೊಸಬನನ್ನ ಜೊತೆಗೆ ಕರಕೊಂಡು ಹೋದ. ಮೊದಲ ತಿಂಗಳು ಅವನು ಕೆಲಸ ಮಾಡಿದ, ಹೊಸಬ ನೋಡಿದ. ಎರಡನೇ ತಿಂಗಳು ಹೊಸಬ ಮಾಡಿದ, ಅವನು ನೋಡಿದ. ಮೂರನೇ ತಿಂಗಳು ಹೊಸಬ ಒಬ್ಬನೇ ಹೋದ, ಪುಸ್ತಕ ಅವನ ಕೈಯಲ್ಲಿ. ಆಮೇಲೆ ನಮ್ಮ ಹುಡುಗನನ್ನ ರಜೆಗೆ ಊರಿಗೆ ಕಳಿಸಿದೆವು. ಆ ಒಂದು ತಿಂಗಳು ಶಾರ್ಜಾ ನಡೀತದಾ ಅಂತ ನೋಡಿದೆವು. ನಡೀತು. ಎರಡು ಕಡೆ ತಡ ಆಯಿತು, ಫೋನ್ ಮಾಡಿ ಮೊದಲೇ ಹೇಳಿದ್ದಕ್ಕೆ ಯಾರೂ ಬಿಟ್ಟುಹೋಗಲಿಲ್ಲ. ಆಗ ಲೈಸೆನ್ಸ್‌ಗೆ ಅರ್ಜಿ ಹಾಕಿದ್ದು.

ದುಡ್ಡಿನ ಲೆಕ್ಕ ಕುಂದಾಪುರದ ಅಣ್ಣಂದು. ಅವರು ಒಂದು ಹಾಳೆಯಲ್ಲಿ ಬರೆದರು. ಹುಡುಗನ ಸಂಬಳ 2,800. ರೂಮು 900. ಪಿಕಪ್ ಕಂತು, ಪೆಟ್ರೋಲ್ 1,300. ಫೋನು, ಸಣ್ಣ ಸಾಮಾನು 200. ಲೈಸೆನ್ಸ್, ಸಣ್ಣ ಆಫೀಸಿನ ಬಾಡಿಗೆ ತಿಂಗಳಿಗೆ ಹಂಚಿದರೆ 1,200. ಒಟ್ಟು 6,400 ದಿರ್ಹಂ. ತೋಟಕ್ಕೆ ವಾರ್ಷಿಕ ಕರಾರು, ತಿಂಗಳಿಗೆ 400. ಹಾಗಾದರೆ 16 ಕರಾರು ಬೇಕು. "ಹದಿನಾರು ಜನ ಹೂಂ ಅನ್ನಲಿ, ಆಮೇಲೆ ಬೋರ್ಡ್ ಬರೆಸೋಣ" ಅಂದರು. ಬಿಡಿ ಕರೆ, ಸಾಮಾನಿನ ಲಾಭ ಯಾವುದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅದು ಬಂದರೆ ಬಂತು.

ಆ ಅರಬಾಬ್‌ನ ತೋಟದಲ್ಲಿ ಬರೆದುಕೊಟ್ಟ ಹಾಗೆ ಮಾಡಿದ ಮೇಲೆ ಮೋಟರ್ ಸುಡಲಿಲ್ಲ. ಅವರೇ ಅಕ್ಕಪಕ್ಕದವರಿಗೆ ಹೇಳಿದರು. ರಜೆ ದಿನಗಳಲ್ಲಿ ನಾವಿಬ್ಬರೂ ಹೋಗಿ ಮಾತಾಡಿ ಬಂದೆವು. 11 ತೋಟ, 3 ವಿಲ್ಲಾ, 2 ಗ್ರೋಸರಿ. ಹದಿನಾರು ಆಯಿತು. ಎಲ್ಲವೂ ದಿಗ್ದಾಗಾ, ಹಮ್ರಾನಿಯಾದ ಸುತ್ತಮುತ್ತ, ನಮ್ಮ ರೂಮಿಂದ 20 ನಿಮಿಷದೊಳಗೆ. ಅಲ್ ಹಮ್ರಾ ಕಡೆಯಿಂದ ದೊಡ್ಡ ವಿಲ್ಲಾಗಳ ಕೆಲಸವೂ ಬಂದಿತ್ತು. ಒಂದು ವರ್ಷ ಬೇಡ ಅಂದೆವು. ರಾಸ್ ಅಲ್ ಖೈಮಾ ಅನ್ನೋ ಹೆಸರು ಒಂದೇ ಆದರೂ ಅದರೊಳಗೇ ಐದಾರು ಊರಿವೆ. ಒಬ್ಬ ಹುಡುಗ, ಒಂದು ಗಾಡಿ ಅಂದರೆ ಒಂದೇ ಸುತ್ತು.

ಇನ್ನು ಆ ಹುಡುಗನ ಮಾತು. ನಾವು ಕೇಳಿದಾಗ ಅವನು ತಕ್ಷಣ ಒಪ್ಪಲಿಲ್ಲ. ಎರಡು ದಿನ ಬಿಟ್ಟು ಬಂದು ಹೇಳಿದ: "ಅಣ್ಣಾ, ನಾ ಹೋಗಾಕ ತಯಾರದೀನಿ. ಆದ್ರ ಅಲ್ಲಿ ಯಾರ ಮಾತು ನಡೀತೈತಿ, ಅದನ್ನ ಮೊದ್ಲ ಹೇಳ್ರಿ. ಒಂದು ಕಾಂಟ್ಯಾಕ್ಟರ್ ತಗೋಳಾಕೂ ಶಾರ್ಜಾಕ್ಕ ಫೋನ್ ಮಾಡಬೇಕಂದ್ರ ನಾ ಯಾಕ ಹೋಗ್ಲಿ, ಯಾರನ್ನರ ಕಳಸ್ರಿ."

ಎಷ್ಟು ಸರಿಯಾದ ಮಾತು. ಊರಲ್ಲಿ ಅವನಿಗೆ ಹೆಂಡತಿ, ಎರಡು ಮಕ್ಕಳು. ಇಲ್ಲಿ ರೂಮಲ್ಲಿ ನಾಲ್ಕು ಜನ ಕನ್ನಡದವರು, ಶುಕ್ರವಾರ ಸೇರಿ ಅಡುಗೆ, ರೊಟ್ಟಿ, ಮಾತು. ಅದನ್ನ ಬಿಟ್ಟು ಒಬ್ಬನೇ ಹೋಗಬೇಕು. ಹೋಗಿ ಕೆಲಸ ನಿಂತುಹೋದರೆ ಅವನ ವೀಸಾ ಏನಾಗ್ತದೆ? ನಾವು ಮಾಲೀಕರು ಲಾಭ ನಷ್ಟ ಅಂತೀವಿ, ಅವನ ಕಡೆಯಿಂದ ನೋಡಿದರೆ ಅದು ಸಂಸಾರ.

ಮೂವರೂ ಕೂತು ಕಾಗದ ಮಾಡಿದೆವು. ಅವನ ಪರ್ಮಿಟ್ ರಾಸ್ ಅಲ್ ಖೈಮಾ ಬ್ರಾಂಚಿನ ಹೆಸರಲ್ಲೇ ಆಗಬೇಕು, ಖರ್ಚು ಕಂಪನಿದು. ಸಂಬಳ ಎಂದಿನ ಹಾಗೆ ಡಬ್ಲ್ಯೂಪಿಎಸ್‌ನಲ್ಲಿ ಬ್ಯಾಂಕಿಗೆ, ಬ್ರಾಂಚಿಗೆ ದುಡ್ಡು ಬರಲಿ ಬಿಡಲಿ. 1,000 ದಿರ್ಹಂವರೆಗಿನ ಸಾಮಾನಿಗೆ ಯಾರನ್ನೂ ಕೇಳೋದು ಬೇಡ. ಖರ್ಚು ಕಳೆದು ಉಳಿದ ಲಾಭದಲ್ಲಿ ಮೂರರಲ್ಲಿ ಒಂದು ಪಾಲು ಅವನಿಗೆ. ಒಂದು ವರ್ಷದೊಳಗೆ ಬ್ರಾಂಚ್ ಮುಚ್ಚಿದರೆ ಅದೇ ಸಂಬಳಕ್ಕೆ ಶಾರ್ಜಾದಲ್ಲಿ ಕೆಲಸ. ತಿಂಗಳಿಗೆ ಎರಡು ಶುಕ್ರವಾರ ಗಾಡಿ ತಗೊಂಡು ಇಲ್ಲಿಗೆ ಬರಬಹುದು. ಇಷ್ಟಕ್ಕೂ ಮೂರು ಸಹಿ.

ಗೆಳೆಯರೇ, ಇಲ್ಲಿ ಕೂತವರಲ್ಲಿ ಮಾಲೀಕರಿಗಿಂತ ಆ ಹುಡುಗನ ಜಾಗದಲ್ಲಿರೋರು ಹೆಚ್ಚು. ನಾಳೆ ನಿಮ್ಮ ಕಂಪನಿಯವರು "ನೀನು ಹೊಸ ಬ್ರಾಂಚಿಗೆ ಹೋಗು" ಅಂದರೆ ಖುಷಿಯಲ್ಲಿ ಬ್ಯಾಗ್ ಕಟ್ಟೋ ಮೊದಲು ಐದು ಮಾತು ಕೇಳಿ. ನನ್ನ ಲೇಬರ್ ಕಾರ್ಡಿನಲ್ಲಿ ಯಾವ ಕಂಪನಿಯ ಹೆಸರು ಇರ್ತದೆ? ಆ ಊರಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಆಗಿದೆಯಾ? ರೂಮು, ಗಾಡಿ ಯಾರದು? ಸಣ್ಣ ತೀರ್ಮಾನ ನಾನು ತಗೋಬಹುದಾ? ಬ್ರಾಂಚ್ ನಿಂತರೆ ನಾನು ಎಲ್ಲಿಗೆ? ಇದನ್ನ ಕೇಳೋದು ಎದುರು ಮಾತಲ್ಲ. ಒಳ್ಳೇ ಮಾಲೀಕನಿಗೆ ಈ ಐದಕ್ಕೂ ಉತ್ತರ ಗೊತ್ತಿರ್ತದೆ. ಉತ್ತರ ಇಲ್ಲ ಅಂದರೆ ಅವನು ಇನ್ನೂ ತಯಾರಾಗಿಲ್ಲ ಅಂತ ಅರ್ಥ.

ಸಣ್ಣ ಸಣ್ಣ ವಿಷಯ ಇನ್ನೂ ಕೆಲವಿವೆ, ಬೇಗ ಹೇಳಿಬಿಡ್ತೀನಿ.

ವ್ಯಾಟ್. 2018ರ ಜನವರಿ 1ರಿಂದ 5 ಪರ್ಸೆಂಟ್ ಇದೆ, ಎಲ್ಲರಿಗೂ ಗೊತ್ತು. ಹನ್ನೆರಡು ತಿಂಗಳ ವ್ಯವಹಾರ 3,75,000 ದಿರ್ಹಂ ದಾಟಿದರೆ ನೋಂದಣಿ ಕಡ್ಡಾಯ. ಒಂದೇ ಊರಲ್ಲಿದ್ದಾಗ ಆ ಗೆರೆಯ ಕೆಳಗಿದ್ದವರು ಎರಡನೇ ಊರು ಸೇರಿದ ಕೂಡಲೇ ದಾಟಿಬಿಡ್ತಾರೆ. ಕರಾರಿನ ದರ ಹೇಳುವಾಗಲೇ ವ್ಯಾಟ್ ಸೇರಿ ಎಷ್ಟು, ಬಿಟ್ಟು ಎಷ್ಟು ಅಂತ ಬರೆದುಬಿಡಿ. ಆಮೇಲೆ ಹೇಳಿದರೆ ಗಿರಾಕಿ ಮುಖ ತಿರುಗಿಸ್ತಾನೆ.

ರಜೆ ದಿನ. ಶಾರ್ಜಾದಲ್ಲಿ 2022ರಿಂದ ಸರ್ಕಾರಿ ಕಚೇರಿಗಳಿಗೆ ಶುಕ್ರ, ಶನಿ, ಭಾನು ಮೂರೂ ದಿನ ರಜೆ. ರಾಸ್ ಅಲ್ ಖೈಮಾದಲ್ಲಿ ಶುಕ್ರವಾರ ಅರ್ಧ ದಿನ ಕೆಲಸ. ಎರಡೂ ಕಡೆ ಕಾಗದಪತ್ರ ಓಡಾಡಿಸೋರು ಇದನ್ನ ನೋಡಿಕೊಂಡು ವಾರ ಹಾಕಿಕೊಳ್ಳಬೇಕು.

ಬೇಸಿಗೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3 ಗಂಟೆವರೆಗೆ ನೇರ ಬಿಸಿಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ. ಶಾರ್ಜಾದಲ್ಲಿ ನಮ್ಮ ಕೆಲಸ ಬಹುತೇಕ ಒಳಗೆ, ಅಷ್ಟು ತೊಂದರೆ ಇರಲಿಲ್ಲ. ತೋಟದ ಕೆಲಸ ಪೂರ್ತಿ ಹೊರಗೆ. ಅದಕ್ಕೆ ಅಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಐದೂವರೆಗೆ ಶುರು, ಹನ್ನೊಂದಕ್ಕೆ ನಿಲ್ಲಿಸೋದು, ಮತ್ತೆ ಸಂಜೆ. ಕರಾರಿನಲ್ಲೇ ಇದನ್ನ ಬರೆದಿದ್ದೀವಿ. ಮೋಟರ್ ಹೋದರೆ ಇನ್ನೊಂದು ಬರ್ತದೆ, ಹುಡುಗ ಬಿದ್ದರೆ ಬರಲ್ಲ.

ಭಾಷೆ. ಶಾರ್ಜಾದಲ್ಲಿ ಹಿಂದಿ, ಮಲಯಾಳಂನಲ್ಲಿ ಕೆಲಸ ನಡೆದುಹೋಗ್ತದೆ. ತೋಟದ ಮಾಲೀಕರು ಹಿರಿಯ ಅರಬರು. ನಮ್ಮ ಹುಡುಗ ನೀರು, ಕರೆಂಟು, ಕೇಬಲ್, ನಾಳೆ, ಈಗಲೇ, ಅಪಾಯ ಅಂತ ಐವತ್ತು ಅರೇಬಿಕ್ ಪದ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕಲಿತ. ಅವನು ಬಾಗಿಲಲ್ಲಿ ಸಲಾಂ ಹೇಳಿ ಅವರ ಭಾಷೆಯಲ್ಲಿ ಎರಡು ಮಾತಾಡಿದರೆ ಗಾವಾ ಕೊಟ್ಟು ಕೂರಿಸ್ತಾರೆ. ಅಲ್ಲಿ ನಮಗೆ ಅದಕ್ಕಿಂತ ದೊಡ್ಡ ಜಾಹೀರಾತು ಇಲ್ಲ.

ಈಗ ಹೇಗಿದೆ ಅಂತ ಕೇಳ್ತೀರಿ. ಬ್ರಾಂಚ್ ಶುರುವಾಗಿ ಒಂದೂವರೆ ವರ್ಷ ಆಯಿತು. ಮೊದಲ ಏಳು ತಿಂಗಳು ಖರ್ಚಿಗೆ ಸರಿಹೋಯಿತು, ಲಾಭ ಇಲ್ಲ. ಹದಿನಾರರಲ್ಲಿ ಮೂವರು ಕರಾರು ಮುಂದುವರಿಸಲಿಲ್ಲ, ಹೊಸದಾಗಿ ಒಂಬತ್ತು ಜನ ಸೇರಿದರು. ಇವತ್ತಿಗೆ 22. ಎಂಟನೇ ತಿಂಗಳಿಂದ ಹುಡುಗನಿಗೆ ಪಾಲು ಹೋಗ್ತಿದೆ. ಈ ವರ್ಷ ಅವನಿಗೆ ಜೊತೆಗೊಬ್ಬನನ್ನ ಕೊಟ್ಟಿದ್ದೀವಿ. ಅವನು ಅಲ್ಲಿಯೂ ಪ್ರತಿ ತೋಟಕ್ಕೆ ಒಂದು ಪುಟ ಬರೀತಿದ್ದಾನೆ. ನಾನು ಕೇಳಲಿಲ್ಲ, ಅವನೇ ಶುರುಮಾಡಿದ. "ನಾಳೆ ಖಟ್ ಕಡೆ ಹೋಗಬೇಕಂದ್ರ ಇಲ್ಲಿ ಯಾರರ ನೋಡ್ಕೋಬೇಕಲ್ಲಣ್ಣಾ" ಅಂದ.

ಶಾರ್ಜಾದಲ್ಲಿ ಗಿರಾಕಿಗಳು ಕಡಿಮೆಯಾಗಿಲ್ಲ. ಎರಡು ಗಂಟೆಯ ಮಾತು ಇನ್ನೂ ಹಾಗೇ ಇದೆ. ನನಗೆ 22ಕ್ಕಿಂತ ಅದೇ ಸಮಾಧಾನ.

ಬೆಳೀಬೇಕು ಅನ್ನೋ ಆಸೆ ತಪ್ಪಲ್ಲ. ನಾವೆಲ್ಲ ಊರು ಬಿಟ್ಟು ಬಂದದ್ದೇ ಅದಕ್ಕೆ. ಆದರೆ ಒಂದು ಬೋರ್‌ವೆಲ್‌ನಲ್ಲಿ ಇರೋದು ಒಂದೇ ಮೋಟರ್ ಎತ್ತುವಷ್ಟು ನೀರು. ಅದಕ್ಕೆ ಎರಡು ಮೋಟರ್ ಇಳಿಸಿದರೆ ನೀರು ಎರಡರಷ್ಟು ಬರಲ್ಲ, ಎರಡೂ ಒಣಗಿ ಓಡ್ತವೆ. ನಮ್ಮ ಹತ್ತಿರ ಎಷ್ಟು ನೀರಿದೆ ಅಂತ ಮೊದಲು ಇಳಿಸಿ ನೋಡಿ, ಆಮೇಲೆ ಇನ್ನೊಂದು ತೋಡೋಣ.

ಯಾರಿಗಾದರೂ ಆ ನೋಟ್‌ಬುಕ್‌ನ ಪುಟ ಹೇಗಿದೆ ಅಂತ ನೋಡಬೇಕಿದ್ದರೆ ಊಟದ ಸಮಯದಲ್ಲಿ ಬನ್ನಿ, ಒಂದು ಖಾಲಿ ಪುಟ ತಂದಿದ್ದೀನಿ. ಫೋಟೋ ತೆಗೆದುಕೊಳ್ಳಿ, ನಿಮ್ಮ ಕೆಲಸಕ್ಕೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಿ. ಪ್ಲಂಬಿಂಗ್‌ಗೂ ಆಗ್ತದೆ, ಎಸಿಗೂ ಆಗ್ತದೆ. 

ಜೈ ಕರ್ನಾಟಕ.